ಐದು ಮೀನಿಗೆ ನಲವತ್ತು ದಿನ

ಜೂನ್ ೨, ಸೋಮವಾರ

ಡಾಕ್ಟರು ಇವತ್ತು ಟೇಪು ಹಿಡಿದು ಗೋಡೆ ಅಳೆದರು. ಎಂಟು ಡಯಾಲಿಸಿಸ್ ಕುರ್ಚಿಗಳ ಎದುರಿನ ಗೋಡೆ. ಹನ್ನೊಂದು ವರ್ಷದಿಂದ ನನ್ನ ಸಮುದ್ರದ ಮೀನಿನ ತೊಟ್ಟಿ ಇರುವ ಗೋಡೆ. ತೊಟ್ಟಿ ತೆಗೆದು ಅಲ್ಲಿ ಟಿವಿ ಹಾಕುತ್ತಾರಂತೆ. "ಮೀನೇ ಇಲ್ಲದ ತೊಟ್ಟಿ ಯಾಕೆ ಸಿಸ್ಟರ್? ಪೇಷಂಟುಗಳು ಬರೀ ಕಲ್ಲು ನೋಡ್ಕೊಂಡು ಕೂತಿದ್ದಾರೆ" ಎಂದರು. ಟೇಪಿನ ಇನ್ನೊಂದು ತುದಿಯನ್ನು ನನ್ನ ಕೈಗೇ ಕೊಟ್ಟಿದ್ದರು. ನಾನು ಬಿಟ್ಟೆ. ಅದು ಸರ್ರನೆ ಹೋಗಿ ಅವರ ಬೆರಳಿಗೆ ಬಡಿಯಿತು. ಕೈ ಜಾರಿತು ಎಂದೆ. ಜಾರಲಿಲ್ಲ. ಇದನ್ನು ನಾನಲ್ಲದೆ ಯಾರೂ ಓದುವುದಿಲ್ಲವಾದ್ದರಿಂದ ನಿಜ ಬರೆಯಬಹುದು.

ಮೀನು ಇಲ್ಲದಿರಲು ಕಾರಣ ಆರನೇ ಕುರ್ಚಿ. ಸೋಮ, ಬುಧ, ಶುಕ್ರ ಬರುವ ನಿವೃತ್ತ ಬಸ್ ಕಂಡಕ್ಟರ್. ಬಾಯಿಗೆ ಬೀಗವಿಲ್ಲದ ಮನುಷ್ಯ. ತಮ್ಮ ಐನೂರನೇ ಡಯಾಲಿಸಿಸ್ಸಿನ ಖುಷಿಗೆ ಏಪ್ರಿಲಿನಲ್ಲಿ ಎಲ್ಲಿಂದಲೋ ಒಂದು ನೀಲಿ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು, ನಾನು ಊಟಕ್ಕೆ ಹೋಗಿದ್ದಾಗ ನೀರು ಸಮೇತ ತೊಟ್ಟಿಗೆ ಸುರಿದರು. ವಾರದೊಳಗೆ ಎಲ್ಲ ಮೀನಿಗೂ ಬಿಳಿ ಚುಕ್ಕೆ. ಏಪ್ರಿಲ್ ಇಪ್ಪತ್ತೊಂಬತ್ತಕ್ಕೆ ಕೊನೆಯದೂ ಹೋಯಿತು. ಹನ್ನೊಂದು ವರ್ಷ ಸಾಕಿದ ಮೀನು ಒಂದಿತ್ತು ಅದರಲ್ಲಿ. ಅಂದಿನಿಂದ ಆ ಮನುಷ್ಯನಿಗೆ ಸೂಜಿ ಚುಚ್ಚುವುದು, ಬಿಪಿ ನೋಡುವುದು ಬಿಟ್ಟರೆ ಬೇರೆ ಮಾತು ನನ್ನಲ್ಲಿಲ್ಲ.

ಡಾಕ್ಟರಿಗೆ ಹೇಳಿದೆ: "ಆ ರೋಗದ ಹುಳಕ್ಕೆ ಮೀನಿನ ಮೈ ಬೇಕು. ಮೀನಿಲ್ಲದ ನೀರಲ್ಲಿ ಎಪ್ಪತ್ತಾರು ದಿನಕ್ಕೆ ಉಪವಾಸ ಬಿದ್ದು ಸಾಯುತ್ತೆ. ಜುಲೈ ಹದಿನಾಲ್ಕಕ್ಕೆ ಎಪ್ಪತ್ತಾರು ತುಂಬುತ್ತೆ. ಅಷ್ಟರಲ್ಲಿ ಹೊಸ ಮೀನು ತಂದು ಬೇರೆ ತೊಟ್ಟೀಲಿ ನಲವತ್ತು ದಿನ ಇಟ್ಟು, ರೋಗ ಇಲ್ಲ ಅಂತ ಖಾತ್ರಿ ಮಾಡ್ಕೊಂಡೇ ಬಿಡ್ತೀನಿ."

"ಆ ದಿನ ಒಂದು ಮೀನಿಗೆ ರೋಗ ಇದ್ರೂ?"

"ಟಿವಿ ಹಾಕಿ. ಸ್ಕ್ರೂ ನಾನೇ ಹಿಡ್ಕೊಡ್ತೀನಿ."

ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಎಷ್ಟೋ ಸೋಂಕುಗಳನ್ನು ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿದ್ದೇನೆ. ಐದು ಮೀನು ಯಾವ ಲೆಕ್ಕ?

ಜೂನ್ ೪, ಬುಧವಾರ

ಬಂದವು. ಒಂದು, ಎರಡು: ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಜೋಡಿ. ಮೂರು: ಮುಂದೆ ನೇರಳೆ, ಹಿಂದೆ ಹಳದಿ. ನಾಲ್ಕು: ಬೆಳ್ಳಿ ಮೈಗೆ ಕಪ್ಪು ಗೆರೆ. ಐದು: ಅಪ್ಪಟ ಹಳದಿ, ತಟ್ಟೆಯ ಹಾಗೆ ಚಪ್ಪಟೆ. ಹೆಸರಿಡುವುದಿಲ್ಲ. ವಾರ್ಡಿನಲ್ಲಿ ನಂಬರೇ ಅನುಕೂಲ.

ಉಗ್ರಾಣದಲ್ಲಿ ಚಿಕ್ಕ ಗಾಜಿನ ತೊಟ್ಟಿ ಹೂಡಿದ್ದೇನೆ. ಮರಳಿಲ್ಲ, ಕಲ್ಲಿಲ್ಲ. ಅಡಗಿಕೊಳ್ಳಲು ನಾಲ್ಕು ಪೈಪಿನ ತುಂಡು, ಒಂದು ಹೀಟರು, ಗಾಳಿಯ ಗುಳ್ಳೆಯಿಂದ ನೀರೆಳೆಯುವ ಒಂದು ಸ್ಪಂಜು. ಮೀನಿನಂಗಡಿಯವರು ತಮ್ಮ ತೊಟ್ಟಿಯಲ್ಲಿ ತಿಂಗಳು ನೆನೆಸಿದ್ದ ಸ್ಪಂಜು ಅದು. ಕಂದು ಬಣ್ಣಕ್ಕೆ ತಿರುಗಿ ಅಸಹ್ಯವಾಗಿದೆ. ನೀರಿನ ಚಿಂತೆ ನನಗಿಲ್ಲ. ಡಯಾಲಿಸಿಸ್ ಯಂತ್ರಕ್ಕೆ ನೀರು ಶುದ್ಧ ಮಾಡುವ ಪ್ಲಾಂಟು ಪಕ್ಕದ ಕೋಣೆಯಲ್ಲೇ ಇದೆ. ಅದರ ನೀರಿಗೆ ಸಮುದ್ರದ ಉಪ್ಪು ಕಲಸಿ, ಸಾಂದ್ರತೆ ನೋಡಿ, ಇಪ್ಪತ್ತಾರು ಡಿಗ್ರಿಗೆ ತಂದೆ. ಚೀಲವನ್ನು ತೊಟ್ಟಿಯಲ್ಲಿ ತೇಲಿಸಿ, ಬಿಸಿ ಹೊಂದಿಕೊಂಡ ಮೇಲೆ ಮೀನು ಮಾತ್ರ ಒಳಗೆ. ಚೀಲದ ನೀರು ಮೋರಿಗೆ.

ಬಾಗಿಲಿಗೆ ನಿಯಮದ ಚೀಟಿ ಅಂಟಿಸಿದೆ: ಈ ಬಲೆ, ಈ ಬಕೆಟ್ಟು ಈ ಕೋಣೆ ಬಿಟ್ಟು ಹೊರಗೆ ಹೋಗಕೂಡದು. ಮೊಣಕೈವರೆಗೆ ಕೈ ತೊಳೆಯದೆ ಮುಟ್ಟಕೂಡದು. ಮೂರನೆಯದು, ಯಾರೂ ಬರಕೂಡದು.

"ನಾನು ಒಂದ್ಸಲ ಇಣುಕಲಾ ಸಿಸ್ಟರ್?" ಎಂದರು ಆರನೇ ಕುರ್ಚಿ.

"ಮೂರನೇ ನಿಯಮ ಓದಿ" ಎಂದೆ.

ರಾತ್ರಿ ಊಟಕ್ಕೆ ಕೂತಾಗ ಎಲ್ಲವನ್ನೂ ತಂಗಿಗೆ ಹೇಳಿದೆ. ನಾವಿಬ್ಬರೇ ಮನೆಯಲ್ಲಿ. ಅವಳು ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. "ಸದ್ಯ, ನಿನ್ನ ನೋಡೋಕೆ ಗಂಡು ಬಂದಾಗ ನಲವತ್ತು ದಿನ ಹೊರಗೆ ಕೂರಿಸಲಿಲ್ಲವಲ್ಲ ಅಕ್ಕಾ" ಎಂದಳು. ಕೂರಿಸಿದ್ದರೆ ಗುಣ ತಿಳಿಯುತ್ತಿತ್ತು ಎಂದೆ. ಇಬ್ಬರೂ ನಕ್ಕೆವು.

ಜೂನ್ ೬, ಶುಕ್ರವಾರ

ಐದರಲ್ಲಿ ನಾಲ್ಕು ತಿನ್ನುತ್ತಿವೆ. ಐದನೆಯದಕ್ಕೆ ಬಿಗುಮಾನ. ನಾಳೆ ಬಗ್ಗುತ್ತದೆ.

ಜೂನ್ ೯, ಸೋಮವಾರ

ಬಗ್ಗಿತು. ಐದೂ ಚೂಟಿಯಾಗಿವೆ.

ಆ ಸ್ಪಂಜನ್ನು ಇನ್ನು ನೋಡಲಾಗಲಿಲ್ಲ. ಹಿಂಡಿದರೆ ಕಂದು ರಾಡಿ. ರೋಗ ಬರಬಾರದೆಂದು ಇಷ್ಟೆಲ್ಲ ಮಾಡಿ, ಅಂಗಡಿಯ ಕೊಳಕನ್ನು ಒಳಗೇ ಇಟ್ಟುಕೊಳ್ಳುವುದೆಂದರೆ ಏನರ್ಥ? ಬ್ಲೀಚಿನಲ್ಲಿ ನೆನೆಸಿ, ಹತ್ತು ನೀರಿನಲ್ಲಿ ಜಾಲಾಡಿ, ಉಪಕರಣಗಳ ಜೊತೆ ಹಬೆಯ ಸ್ಟೆರಿಲೈಜರಿಗೂ ಹಾಕಿ ತೆಗೆದೆ. ಹತ್ತಿಯಷ್ಟು ಬೆಳ್ಳಗಾಯಿತು. ತೊಟ್ಟಿಗೆ ಹಾಕಿ ಎರಡು ಹೆಜ್ಜೆ ಹಿಂದೆ ನಿಂತು ನೋಡಿದೆ. ಆಪರೇಷನ್ ಥಿಯೇಟರಿನಲ್ಲಿ ಇಡಬಹುದು, ಅಷ್ಟು ಶುದ್ಧ. ಮೂವತ್ತೊಂದು ವರ್ಷ ಸುಮ್ಮನೆ ಆಗಿಲ್ಲ.

ಜೂನ್ ೧೧, ಬುಧವಾರ

ಬೆಳಿಗ್ಗೆ ಬಾಗಿಲು ತೆಗೆದೆ. ಐದೂ ನೀರಿನ ಮೇಲ್ಮಟ್ಟದಲ್ಲಿ ಬಾಯಿ ತೆರೆದು ನಿಂತಿವೆ. ಕಿವಿರು ಪಟಪಟ ಬಡಿದುಕೊಳ್ಳುತ್ತಿದೆ. ಮೈಮೇಲೆ ಒಂದು ಚುಕ್ಕೆಯೂ ಇಲ್ಲ. ಅಂಗಡಿಯವರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. "ರೋಗದ ಮೀನು ಕೊಟ್ಟು ನನ್ನ ಹೆಸರು ಕೆಡಿಸ್ತಿದ್ದೀರಾ?" ಎಂದೆ. ಅವರು ಏನೋ ಕೇಳಲು ಹೊರಟರು. ನಾನು ಫೋನಿಟ್ಟೆ.

ಕುರ್ಚಿಗಳ ಕೆಲಸ ನಿಲ್ಲಿಸುವ ಹಾಗಿಲ್ಲ. ಆರನೇ ಕುರ್ಚಿಗೆ ಬಿಪಿ ಪಟ್ಟಿ ಕಟ್ಟುವಾಗ ಅವರೇ ಕೇಳಿದರು.

"ಮುಖ ಯಾಕೆ ಹಿಂಗಾಗಿದೆ ಸಿಸ್ಟರ್? ಮೀನಾ?"

ಸುಮ್ಮನಿರಬೇಕು ಎಂದುಕೊಂಡಿದ್ದೆ. ಹೇಳಿಬಿಟ್ಟೆ.

"ಚುಕ್ಕೆ ಇಲ್ಲ, ಉಸಿರು ಮಾತ್ರ ಜೋರು ಅಂತೀರಿ. ನಂಗೂ ಒಂದು ಸಲ ಡಯಾಲಿಸಿಸ್ ತಪ್ಪಿದ್ರೆ ಹಂಗೇ ಆಗುತ್ತೆ. ರೋಗ ಅಲ್ಲ, ಮೈಯೊಳಗಿನ ಹೊಲಸು ಹೊರಗೆ ಹೋಗಿರಲ್ಲ ಅಷ್ಟೆ. ಮೀನು ಮಾಡಿದ ಹೊಲಸನ್ನ ಅಲ್ಲಿ ಯಾರು ತೆಗೀತಾರೆ?"

"ಸ್ಪಂಜು. ಅದರೊಳಗೆ ಸೂಕ್ಷ್ಮಜೀವಿಗಳು..."

ಹಬೆಯ ಸ್ಟೆರಿಲೈಜರು ನೆನಪಾಯಿತು. ಬಿಪಿ ಪಟ್ಟಿಯ ಗಾಳಿ ಬಿಡುವುದನ್ನೂ ಮರೆತೆ. ಅವರ ಕೈ ನೀಲಿಗಟ್ಟುತ್ತಿತ್ತು, ಪಾಪ. ಅವರೇ ಮೆಲ್ಲಗೆ "ಸಿಸ್ಟರ್, ಕೈ" ಎಂದರು.

ಉಗ್ರಾಣಕ್ಕೆ ಓಡಿ ಅಮೋನಿಯಾ ಪರೀಕ್ಷೆ ಮಾಡಿದೆ. ಹಳದಿ ಇರಬೇಕಾದ ನೀರು ಕಡುಹಸಿರು. ಇಡೀ ದಿನ ಉಪ್ಪುನೀರು ಕಲಸುವುದು, ಅರ್ಧ ತೆಗೆಯುವುದು, ಅರ್ಧ ಹಾಕುವುದು. ಸಂಜೆ ನಾಲ್ಕು ಗಂಟೆಗೆ ಮೂರನೆಯದು ಹೋಯಿತು. ಅಂಗೈ ಮೇಲೆ ಇಟ್ಟುಕೊಂಡಾಗಲೂ ನೇರಳೆ ಬಣ್ಣ ಹಾಗೇ ಇತ್ತು.

ಸ್ಪಂಜಿನಿಂದ ಸ್ವಲ್ಪ ತೊಂದರೆಯಾಗಿರಬಹುದು.

ಜೂನ್ ೧೨, ಗುರುವಾರ

ಡಾಕ್ಟರು ಕೇಳಿದರು. ಬರುವಾಗಲೇ ಬಳಲಿದ್ದ ಮೀನು ಎಂದೆ. "ಹಂಗಾದ್ರೆ ಆ ಅಂಗಡಿಯಿಂದ ಇನ್ನೇನೂ ತರಿಸ್ಬೇಡಿ" ಎಂದು ಅಲ್ಲೇ ಫೋನು ತೆಗೆದು ಅಂಗಡಿಯವರನ್ನು ತರಾಟೆಗೆ ತೆಗೆದುಕೊಂಡರು. ನಾನು ಪಕ್ಕದಲ್ಲಿ ನಿಂತು ದಾಖಲೆ ಪುಸ್ತಕದ ಹಾಳೆ ತಿರುವುತ್ತಿದ್ದೆ. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ರೋಗದಿಂದ ಸತ್ತಿಲ್ಲ, ಆದ್ದರಿಂದ ಒಪ್ಪಂದ ಮುರಿದಿಲ್ಲ. ಇನ್ನೂ ನಾಲ್ಕಿವೆ.

ಜೂನ್ ೧೩, ಶುಕ್ರವಾರ

ದಿನಕ್ಕೆ ಎರಡು ಸಲ ನೀರು ಬದಲಾಯಿಸಿ ಕೈ ಬಿದ್ದುಹೋಗಿದೆ. ಹೊಸ ಸ್ಪಂಜಿನಲ್ಲಿ ಆ ಜೀವಿಗಳು ಬೆಳೆಯಲು ತಿಂಗಳು ಬೇಕು. ಬೆಳೆದಿರುವುದು ಸಿಗುವುದು ಒಂದೇ ಕಡೆ. ಡ್ಯೂಟಿ ಮುಗಿಸಿ ಅಂಗಡಿಗೆ ಹೋದೆ. ಬಾಗಿಲಲ್ಲೇ ತಿರುಗಿಬಿಡೋಣ ಎನಿಸಿತು.

ಅಂಗಡಿಯವರು ಸಣ್ಣ ದನಿಯ ಮನುಷ್ಯ. ಕೈ ಯಾವಾಗಲೂ ಒದ್ದೆ. "ಇನ್ನೊಂದು ಸ್ಪಂಜು ಬೇಕಿತ್ತು, ನಿಮ್ಮ ತೊಟ್ಟೀಲಿ ಇದ್ದದ್ದು" ಎಂದೆ. ಮೊದಲು ಕೊಟ್ಟದ್ದು ಏನಾಯಿತು ಎಂದು ಕೇಳುತ್ತಾರೆಂದು ಉತ್ತರ ಹೊಂದಿಸಿಕೊಂಡು ಹೋಗಿದ್ದೆ. ಕೇಳಲೇ ಇಲ್ಲ. ಆ ಮೀನುಗಳು ಇದ್ದ ತೊಟ್ಟಿಯಿಂದಲೇ ಒಂದನ್ನು ತೆಗೆದು, ಡಬ್ಬಿಯಲ್ಲಿ ನೀರಿನ ಸಮೇತ ಹಾಕಿ, "ಒಣಗೋಕೆ ಬಿಡ್ಬೇಡಿ ಸಿಸ್ಟರ್, ಬೇಗ ಹೋಗಿ" ಎಂದರು. ನನಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಕಂದು, ಅಸಹ್ಯ, ಅಮೂಲ್ಯ.

ಜೂನ್ ೧೬, ಸೋಮವಾರ

ಪರೀಕ್ಷೆಯ ನೀರು ಹಳದಿ. ನಾಲ್ಕೂ ತಿನ್ನುತ್ತಿವೆ. ಆರನೇ ಕುರ್ಚಿಗೆ ಹೇಳಿದೆ. "ಕಿಡ್ನಿ ಕಸಿ ಯಶಸ್ವಿ ಅನ್ನಿ" ಎಂದರು. ನಗು ಬಂತು, ತಡೆದುಕೊಂಡೆ.

ಜೂನ್ ೨೦, ಶುಕ್ರವಾರ

ಐದನೆಯದರ ಹಳದಿ ಮೈಮೇಲೆ ಮೂರು ಬಿಳಿ ಚುಕ್ಕೆ. ಉಪ್ಪಿನ ಕಾಳು ಅಂಟಿಸಿದಂತಿದೆ. ಪೈಪಿಗೆ ಮೈ ಉಜ್ಜುತ್ತಿದೆ.

ಹೆದರಿಕೆಯಾಗಲಿಲ್ಲ. ಬೇರೆ ಇಡುವುದು ಇದಕ್ಕೇ ಅಲ್ಲವೇ? ಇದನ್ನು ಸೀದಾ ದೊಡ್ಡ ತೊಟ್ಟಿಗೆ ಬಿಟ್ಟಿದ್ದರೆ ಏಪ್ರಿಲ್ ಮತ್ತೆ ಬರುತ್ತಿತ್ತು. ತಾಮ್ರದ ಔಷಧಿ ಹದಿನಾಲ್ಕು ದಿನ. ಕಡಿಮೆಯಾದರೆ ಹುಳ ಸಾಯದು, ಹೆಚ್ಚಾದರೆ ಮೀನೇ ಸಾಯುತ್ತದೆ. ತೊಟ್ಟಿಯ ಪೆಟ್ಟಿಗೆ ಮೇಲೆ ಬರೆದ ಅಳತೆ ನಂಬದೆ ಒಳಗಿನ ನೀರನ್ನೇ ಲೀಟರಿನಲ್ಲಿ ಅಳೆದು ಲೆಕ್ಕ ಹಾಕಿದೆ. ಎರಡು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ಪೂರ್ತಿ ಪ್ರಮಾಣಕ್ಕೆ ಏರಿಸುತ್ತೇನೆ. ಜುಲೈ ನಾಲ್ಕಕ್ಕೆ ಔಷಧಿ ಮುಗಿದರೆ, ಹದಿನಾಲ್ಕರ ತನಕ ಬರೀ ನೋಡುವುದು. ಇದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಔಷಧಿಯ ಹನಿ ಎಣಿಸುತ್ತಲೇ ನನ್ನ ತಲೆಗೂದಲು ಬೆಳ್ಳಗಾಗಿರುವುದು.

ಒಂದು ತೊಂದರೆ. ಉಸಿರಾಟ ಗಮನಿಸುತ್ತಿರಬೇಕು, ನಾನು ಕುರ್ಚಿಗಳನ್ನು ಬಿಟ್ಟು ಉಗ್ರಾಣದಲ್ಲಿ ಕೂರುವಂತಿಲ್ಲ. ಬಾಗಿಲು ತೆರೆದಿಟ್ಟರೆ ಆರನೇ ಕುರ್ಚಿಯಿಂದ ತೊಟ್ಟಿ ನೇರ ಕಾಣುತ್ತದೆ.

ಜೂನ್ ೨೩, ಸೋಮವಾರ

ಬಾಗಿಲು ತೆರೆದಿಟ್ಟೆ. ಗಾಳಿಯಾಡಲಿ ಎಂದು.

ಆರನೇ ಕುರ್ಚಿ ಕೂತಲ್ಲಿಂದಲೇ ತಲೆ ಎಣಿಸುತ್ತಾರೆ. ಮೂವತ್ತು ವರ್ಷ ಬಸ್ಸಿನಲ್ಲಿ ಎಣಿಸಿದ ಅಭ್ಯಾಸ. ಕಾಲುಗಂಟೆಗೊಮ್ಮೆ "ನಾಲ್ಕು" ಎನ್ನುತ್ತಾರೆ. ಹನ್ನೊಂದು ಗಂಟೆಗೆ "ಮೂರೇ ಇವೆ ಸಿಸ್ಟರ್!" ಎಂದು ಕೂಗಿದಾಗ ನಾನು ಎರಡನೇ ಕುರ್ಚಿಯ ಟೀಚರಮ್ಮನ ಕೈಗೆ ಹತ್ತಿ ಒತ್ತಿಕೊಂಡಿದ್ದೆ. "ನೀವೇ ಒತ್ತಿ ಹಿಡ್ಕೊಳಿ" ಎಂದು ಓಡಿದೆ. ಐದನೆಯದು ಪೈಪಿನೊಳಗೆ ಮಲಗಿತ್ತು. ಹೊರಗೆ ಬಂದು "ಪೈಪಲ್ಲಿದೆ" ಎಂದಾಗ ಎಂಟೂ ಕುರ್ಚಿಯಿಂದ ನಿಟ್ಟುಸಿರು ಕೇಳಿಸಿತು. ಇವರೆಲ್ಲ ಯಾವಾಗ ಇದರೊಳಗೆ ಸೇರಿಕೊಂಡರೋ.

ಜೂನ್ ೨೭, ಶುಕ್ರವಾರ

ಚುಕ್ಕೆಗಳು ಉದುರಿವೆ. ಅಷ್ಟಕ್ಕೇ ಹಿಗ್ಗುವಂತಿಲ್ಲ. ಮೈಯಿಂದ ಉದುರಿದ ಹುಳ ತೊಟ್ಟಿಯ ತಳದಲ್ಲಿ ಮರಿ ಮಾಡಿಕೊಂಡು ಮತ್ತೆ ಬರುತ್ತದೆ. ಆ ಮರಿಗಳನ್ನೇ ತಾಮ್ರ ಕೊಲ್ಲುವುದು. ಕಂಡಕ್ಟರಿಗೆ ಇದನ್ನು ವಿವರಿಸಿದೆ. "ಇಳಿದಂಗೆ ಮಾಡಿ ಹಿಂದಿನ ಬಾಗಿಲಿಂದ ಹತ್ತೋರು. ನಮ್ಮ ರೂಟಲ್ಲೂ ಇದ್ರು" ಎಂದರು. ಇಷ್ಟು ಸ್ಪಷ್ಟವಾಗಿ ಪುಸ್ತಕದಲ್ಲೂ ಬರೆದಿಲ್ಲ.

ಜುಲೈ ೪, ಶುಕ್ರವಾರ

ಔಷಧಿ ಮುಗಿಯಿತು. ಇದ್ದಿಲಿನ ಚೀಲ ಹಾಕಿ ತಾಮ್ರ ಹೀರಿಸುತ್ತಿದ್ದೇನೆ. ಡಾಕ್ಟರು ಬಂದು ಇಣುಕಿದರು. "ಪರವಾಗಿಲ್ವೇ!" ಎಂದರು. ಪರವಾಗಿಲ್ಲ ಎನ್ನುವುದು ನನ್ನ ಕೆಲಸಕ್ಕೆ ಸಾಲುವ ಮಾತಲ್ಲ, ಆದರೂ ತೆಗೆದುಕೊಂಡೆ.

ಜುಲೈ ೯, ಬುಧವಾರ

ಸೂಜಿ ತೆಗೆಯುವಾಗ ಕಂಡಕ್ಟರು ಇದ್ದಕ್ಕಿದ್ದಂತೆ ಹೇಳಿದರು: "ಏಪ್ರಿಲಿನದಕ್ಕೆ ನಿಮಗೆ ನನ್ನ ಮೇಲೆ ಕೋಪ ಇದೆ ಅಂತ ಗೊತ್ತು. ನಾನು ಎಲ್ರಿಗೂ ಖುಷಿಯಾಗ್ಲಿ ಅಂತ ತಂದೆ. ದಿನಾ ಒಂದೊಂದಾಗಿ ಸಾಯೋದನ್ನ ಇಲ್ಲೇ ಕೂತು ನೋಡಿದೆ. ಎದ್ದು ಹೋಗೋಕೂ ಆಗ್ತಿರಲಿಲ್ಲ, ಎರಡು ಸೂಜಿ ಚುಚ್ಚಿರ್ತೀರಲ್ಲ."

ಚೀಲದ ಮೀನನ್ನು ಸುರಿಯಬಾರದೆಂದು ನಾನೊಂದು ಚೀಟಿ ಅಂಟಿಸಿದ್ದರೆ ನೀವು ಸುರಿಯುತ್ತಿರಲಿಲ್ಲ ಎಂದೆ. ಇದ್ದದ್ದನ್ನು ಹೇಳಿದೆ, ಅದರಲ್ಲೇನಿದೆ. ಅವರು ಬಹಳ ಹೊತ್ತು ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡರು. ನೆಗಡಿಯಿರಬೇಕು, ಶುಕ್ರವಾರ ಜ್ವರ ನೋಡಬೇಕು.

ಜುಲೈ ೧೧, ಶುಕ್ರವಾರ

ಜ್ವರ ಇಲ್ಲ. ಮೀನು ನಾಲ್ಕು, ಚುಕ್ಕೆ ಸೊನ್ನೆ. ಸೋಮವಾರ ಹನ್ನೊಂದು ಗಂಟೆಗೆ ಬಿಡುವುದು. ಡಾಕ್ಟರು ಫೋಟೋ ತೆಗೆಯುತ್ತಾರಂತೆ. ತಂಗಿ ನನ್ನ ಸಮವಸ್ತ್ರವನ್ನು ಕೇಳದೆಯೇ ಇಸ್ತ್ರಿ ಮಾಡಿಟ್ಟಿದ್ದಾಳೆ.

ಜುಲೈ ೧೪, ಸೋಮವಾರ

ಬೆಳಿಗ್ಗೆ ಏಳಕ್ಕೇ ಹೋದೆ. ಟಾರ್ಚು ಹಾಕಿ ಒಂದೊಂದನ್ನೇ ನೋಡಿದೆ. ಎರಡು, ನಾಲ್ಕು, ಐದು ಸ್ವಚ್ಛ. ಒಂದನೆಯದರ ಬಾಲದ ಅಂಚಿನಲ್ಲಿ ಒಂದು ಬಿಳಿ ಚುಕ್ಕೆ.

ಗಾಜಿನ ಮೇಲಿರಬಹುದೆಂದು ಬಟ್ಟೆಯಿಂದ ಒರೆಸಿದೆ. ಗಾಜಿನ ಮೇಲಿರಲಿಲ್ಲ. ಗಾಳಿಯ ಗುಳ್ಳೆಯಿರಬಹುದೆಂದು ಅರ್ಧ ಗಂಟೆ ಕಾದೆ. ಗುಳ್ಳೆಯಲ್ಲ. ಔಷಧಿಯ ಪಟ್ಟಿ ತೆಗೆದೆ. ಜುಲೈ ಒಂದರಂದು ನೀರು ಬದಲಾಯಿಸಿದ ಮೇಲೆ ತಾಮ್ರ ಒಂದು ಹೊತ್ತು ಇಳಿದಿತ್ತು. ನನ್ನದೇ ಅಕ್ಷರ, ನನ್ನದೇ ಸಹಿ. ಇಳಿದಿದ್ದನ್ನು ಬರೆದು, ಮತ್ತೆ ಏರಿಸಿ, ದಿನದ ಲೆಕ್ಕ ಮಾತ್ರ ಮೊದಲಿನಿಂದ ಶುರುಮಾಡದೆ ಮುಂದೆ ಹೋಗಿದ್ದೆ.

ಬಿಟ್ಟುಬಿಡೋಣ ಎನಿಸಿದ್ದು ನಿಜ. ಒಂದೇ ಚುಕ್ಕೆ. ಟಾರ್ಚಿಲ್ಲದೆ ಯಾರಿಗೂ ಕಾಣದು. ಹನ್ನೊಂದಕ್ಕೆ ಬಿಟ್ಟರೆ ಫೋಟೋ, ಚಪ್ಪಾಳೆ. ರೋಗ ಹರಡುವಷ್ಟರಲ್ಲಿ ಟಿವಿಯ ಮಾತು ಹಳೆಯದಾಗಿರುತ್ತದೆ.

ಹನ್ನೊಂದು ಗಂಟೆಗೆ ಎಂಟೂ ಕುರ್ಚಿ ಭರ್ತಿ. ಎಲ್ಲರ ತಲೆ ಉಗ್ರಾಣದ ಕಡೆ. ಡಾಕ್ಟರು ಫೋನು ಹಿಡಿದು ನಿಂತಿದ್ದರು. ನಾನು ಬರಿಗೈಯಲ್ಲಿ ಹೊರಗೆ ಬಂದೆ.

"ಇವತ್ತು ಬಿಡೋಕಾಗಲ್ಲ ಡಾಕ್ಟ್ರೇ. ಒಂದಕ್ಕೆ ಚುಕ್ಕೆ ಇದೆ."

"ಮತ್ತೆ ಆ ಅಂಗಡಿಯವನಾ?"

"ಅಲ್ಲ, ನಾನು. ಔಷಧಿ ನಡುವೆ ಕಡಿಮೆಯಾಗಿತ್ತು, ಗೊತ್ತಿದ್ದೂ ಲೆಕ್ಕ ಮುಂದುವರಿಸಿದೆ. ಜೂನಲ್ಲಿ ಸತ್ತಿದ್ದೂ ನನ್ನಿಂದಲೇ. ಸ್ಪಂಜನ್ನ ಸ್ಟೆರಿಲೈಜರಿಗೆ ಹಾಕಿದ್ದೆ. ನಿಮ್ಮ ಹತ್ರ ಸುಳ್ಳು ಹೇಳಿದೆ."

ಮೂವತ್ತೊಂದು ವರ್ಷದಲ್ಲಿ ಪೇಷಂಟುಗಳ ಮುಂದೆ ಹೀಗೆ ನಿಂತದ್ದು ನೆನಪಿಲ್ಲ. ಮಾತು ಕೊಟ್ಟಿದ್ದೇನೆ, ಟಿವಿಯವರಿಗೆ ಹೇಳಿ ಎಂದೆ.

ಡಾಕ್ಟರು ಫೋನನ್ನು ಜೇಬಿಗೆ ಹಾಕಿದರು. "ಆ ಚುಕ್ಕೆ ನನಗೆ ಕಾಣ್ತಿತ್ತಾ ಸಿಸ್ಟರ್?"

"ಇಲ್ಲ."

"ಯಾರಿಗಾದ್ರೂ?"

"ಇಲ್ಲ."

ಅವರು ಎಂಟು ಕುರ್ಚಿಗಳನ್ನೂ, ಎಂಟು ಯಂತ್ರಗಳಲ್ಲಿ ಓಡುತ್ತಿದ್ದ ರಕ್ತವನ್ನೂ ಒಂದು ಸುತ್ತು ನೋಡಿದರು. "ಇವರ ವಿಷಯದಲ್ಲೂ ಏನಾದ್ರೂ ತಪ್ಪಾದ್ರೆ ನೀವು ಹೀಗೇ ಬಂದು ಹೇಳ್ಬೇಕು. ಜೂನಲ್ಲಿ ಮಾಡಿದ ಹಾಗಲ್ಲ, ಇವತ್ತು ಮಾಡಿದ ಹಾಗೆ." ಆಮೇಲೆ, "ಇನ್ನೆಷ್ಟು ದಿನ ಬೇಕು?"

"ನಲವತ್ತು."

"ಇವರನ್ನ ಕೇಳಿ. ಕಲ್ಲು ನೋಡ್ಕೊಂಡು ಕೂರೋರು ಇವರು."

"ನಾನು ಕಿಡ್ನಿಗೆ ಹೆಸರು ಬರೆಸಿ ಆರು ವರ್ಷ ಆಯ್ತು ಡಾಕ್ಟ್ರೇ" ಎಂದರು ಟೀಚರಮ್ಮ. "ನಲವತ್ತು ದಿನಕ್ಕೆ ನಮ್ಮನ್ನ ಕೇಳ್ತೀರಾ?"

ಎಲ್ಲರೂ ನಕ್ಕರು. ನಾನು ಉಗ್ರಾಣಕ್ಕೆ ಹೋಗಿ ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಮೊಣಕೈವರೆಗೆ ಕೈ ತೊಳೆದು ಔಷಧಿ ಅಳೆದೆ.

ಸಂಜೆ ಅಂಗಡಿಯವರಿಗೆ ಫೋನು ಮಾಡಿದೆ. ತಪ್ಪು ನನ್ನದು, ನಿಮ್ಮ ಮೇಲೆ ಹಾಕಿದೆ, ಡಾಕ್ಟರಿಂದಲೂ ಬೈಸಿದೆ, ಕ್ಷಮಿಸಿ ಎಂದು ಒಂದೇ ಉಸಿರಿಗೆ ಹೇಳಿದೆ.

"ನನಗೆ ಗೊತ್ತಿತ್ತು ಸಿಸ್ಟರ್" ಎಂದರು ಆ ಸಣ್ಣ ದನಿಯಲ್ಲಿ. "ನೀವು ಸ್ಪಂಜು ಕೇಳೋಕೆ ಬಂದಾಗಲೇ. ಕೈಯಲ್ಲಿ ಬ್ಲೀಚಿನ ವಾಸನೆ ಬರ್ತಿತ್ತು."

"ಹಂಗಿದ್ರೆ ಅವತ್ತೇ ಯಾಕೆ ಕೇಳಲಿಲ್ಲ?"

"ಕೇಳ್ತಾ ನಿಂತ್ಕೊಂಡಿದ್ರೆ ಸ್ಪಂಜು ಒಣಗೋಗ್ತಿತ್ತಲ್ಲ."